ಕಾಯ್ದಿಟ್ಟ ದನಿ

"ಅಳು ಬೇ, ಒಂದೀಟು ಬಾಯಿಬಿಟ್ಟು ಅಳು," ಎನ್ನುತ್ತ ಯಂಕಮ್ಮ ಭಾಗ್ಯಳ ರಟ್ಟೆ ಹಿಡಿದು ಹೆಣದ ಹತ್ತಿರ ಎಳೆದಳು.

ಪಂಪಾಪತಿಯನ್ನು ಪಡಸಾಲೆಯ ಗೋಡೆಗೆ ಆನಿಸಿ ಕೂಡಿಸಿದ್ದರು. ಹಣೆತುಂಬ ವಿಭೂತಿ, ತಲೆಗೆ ಹೊಸ ರುಮಾಲು. ಬಾಯಿ ತೆರೆಯದಿರಲೆಂದು ಗದ್ದಕ್ಕೆ ಬಿಳಿ ಬಟ್ಟೆ ಕಟ್ಟಿದ್ದರಿಂದ ಹಲ್ಲುನೋವು ಬಂದವನ ಹಾಗೆ ಕಾಣುತ್ತಿದ್ದ. ಯಂಕಮ್ಮ ಅವನ ಅಕ್ಕ. ಸಾಲಗುಂದದಿಂದ ಬೆಳಗಿನ ಬಸ್ಸಿಗೆ ಬಂದವಳು ಹೊಸ್ತಿಲಲ್ಲೇ ಕುಸಿದು, ತಮ್ಮನನ್ನು ಕಂಕುಳಲ್ಲಿ ಎತ್ತಿಕೊಂಡು ತಿರುಗಿದ ದಿನಗಳಿಂದ ಹಿಡಿದು ಹಾಡ್ಯಾಡಿ ಅತ್ತಿದ್ದಳು. ಈಗ ಮಗಳ ಸರದಿ ಎಂದು ಸುತ್ತ ಕೂತ ಹೆಂಗಸರೆಲ್ಲ ಕಾದಿದ್ದರು.

ಭಾಗ್ಯ ಅಪ್ಪನ ಪಾದದ ಮೇಲೆ ಕೈಯಿಟ್ಟು ಕೂತಳು. ತುಟಿ ಬಿಗಿಯಾಗಿ ಮುಚ್ಚಿತ್ತು.

"ಮಂದಿ ಮದುವ್ಯಾಗ ಹಾಡ್ತಾಳ. ಹೆತ್ತಪ್ಪಗ ಒಂದು ಸೊಲ್ಲಿಲ್ಲ ನೋಡು," ಎಂದು ಹಿಂದಿನಿಂದ ಯಾರೋ ಅಂದರು.

"ಗಾಬ್ರಿಯಾಗ್ಯಾದ ಕೂಸಿಗೆ."

"ಗಾಬ್ರಿ ಏನ್ ಬಂತು. ಕಣ್ಣಾಗ ಒಂದು ಹನಿ ಇಲ್ಲ."

ಅಮರಮ್ಮ ಮಗಳನ್ನು ಬರಸೆಳೆದು ಎದೆಗೆ ಒತ್ತಿಕೊಂಡಳು. ನೋಡಿದವರಿಗೆ ತಾಯಿ ಮಗಳು ತಬ್ಬಿಕೊಂಡು ಅಳುತ್ತಿದ್ದಾರೆ ಎನಿಸಬೇಕು, ಹಾಗೆ. ಆದರೆ ಅವಳ ಬಾಯಿ ಮಗಳ ಕಿವಿಯಲ್ಲಿತ್ತು.

"ಅಳಬ್ಯಾಡವ್ವ. ನಿಮ್ಮಪ್ಪ ಹೇಳ್ಯಾನ. ಗಂಟ್ಲ ಕಾಯ್ಕೊ."

ಇಷ್ಟು ಹೇಳಿ ಬಿಟ್ಟವಳೇ ಮತ್ತೆ ಗಂಡನ ಮೊಣಕಾಲಿಗೆ ತಲೆ ಹಚ್ಚಿ, ಇಬ್ಬರ ಪಾಲಿನದನ್ನೂ ಒಬ್ಬಳೇ ಅಳತೊಡಗಿದಳು.

ನಾಡಿದ್ದು ಬೆಂಗಳೂರಿನಲ್ಲಿ ಹಾಡಿನ ಸ್ಪರ್ಧೆಗೆ ಭಾಗ್ಯಳ ಕೊನೆಯ ಆಡಿಷನ್ ಇತ್ತು. ಅಲ್ಲಿ ಆರಿಸಿದರೆ ಟೀವಿಯಲ್ಲಿ ಬರುವುದೇ. ನಿನ್ನೆ ಬೆಳಿಗ್ಗೆ ಜೀಪು ಹತ್ತುವಾಗ ಪಂಪಾಪತಿ ಹೆಂಡತಿಗೆ ಅದನ್ನೇ ಹೇಳಿದ್ದ. ಮೊಸರು ಹಾಕಬ್ಯಾಡ, ಬಿಸಿನೀರು ಕೊಡು, ಮನ್ಯಾಗ ಜಗಳ ತಗೀಬ್ಯಾಡ, ಆಕಿ ಗಂಟ್ಲ ಏರಬಾರದು. ಸಂಜೆ ಮಸ್ಕಿಯ ಜೀಪ್ ಸ್ಟ್ಯಾಂಡಿನಲ್ಲಿ ಅವನು ಸ್ಟೇರಿಂಗಿನ ಮೇಲೆ ಹಣೆಯಿಟ್ಟಿದ್ದ. ಸೀಟು ತುಂಬುವವರೆಗೂ ಮಲಗಿದ್ದಾನೆಂದು ಜನ ಸುಮ್ಮನಿದ್ದರು. ತುಂಬಿದ ಮೇಲೆ ಎಬ್ಬಿಸಿದರು.

*

ಪಾಮನಕಲ್ಲೂರಿನಿಂದ ಮಸ್ಕಿಗೆ, ಮಸ್ಕಿಯಿಂದ ಲಿಂಗಸುಗೂರಿಗೆ ಕ್ರೂಸರ್ ಜೀಪು ಓಡಿಸುವುದೇ ಪಂಪಾಪತಿಯ ಬದುಕು. ಸಂತೆಗೆ ಹೋಗುವವರು, ಕೋರ್ಟಿಗೆ ಅಲೆಯುವವರು, ಹತ್ತಿ ಬಿಡಿಸಲು ಹೊರಟವರು, ಬಾಣಂತಿಯರು ಎಲ್ಲರೂ ಅವನ ಗಾಡಿಯಲ್ಲೇ. ಅವನಿಗೆ ಹಾಡಲು ಬರುತ್ತಿರಲಿಲ್ಲ. ಮಗಳಿಗೆ ಅದು ಎಲ್ಲಿಂದ ಬಂತೋ ಅವನಿಗೂ ಗೊತ್ತಿರಲಿಲ್ಲ. ಕಾಲೇಜಿಗೆ ಸೂಟಿ ಇದ್ದ ದಿನ ಅವಳನ್ನು ಮುಂದಿನ ಸೀಟಿನಲ್ಲಿ ಕೂಡಿಸಿಕೊಂಡು, ಊರು ದಾಟಿದ ಮೇಲೆ ಟೇಪು ಬಂದ್ ಮಾಡಿ "ಹಾಡವ್ವ" ಎನ್ನುತ್ತಿದ್ದ. ಹಿಂದೆ ಒತ್ತೊತ್ತಿ ಕೂತವರ ಮಾತು ನಿಲ್ಲುತ್ತಿತ್ತು. ಇಳಿಯುವ ಊರು ದಾಟಿಹೋದದ್ದು ತಿಳಿಯದೆ ಕೂತವರೂ ಇದ್ದರು. ಅವಳಿನ್ನೂ ಅರ್ಜಿಯನ್ನೇ ಹಾಕಿರದ ಕಾಲದಲ್ಲಿ, ಹತ್ತಿದವರಿಗೆಲ್ಲ ಅವನು "ನನ್ನ ಮಗಳು ಟೀವ್ಯಾಗ ಬರಾಕಿ" ಎಂದು ಹೇಳಿಬಿಟ್ಟಿದ್ದ.

ಮೊದಲ ಆಡಿಷನ್ ಹೋದ ವರ್ಷ ಲಿಂಗಸುಗೂರಿನಲ್ಲಿ. ಕಲ್ಯಾಣ ಮಂಟಪದಿಂದ ರಸ್ತೆಯವರೆಗೂ ಸಾಲು. ತಾಯಂದಿರು ನಿಂತಲ್ಲೇ ಮಕ್ಕಳ ತಲೆ ಬಾಚುತ್ತಿದ್ದರು. ಒಬ್ಬ ಹುಡುಗ ಉಪ್ಪುನೀರಿನ ಬಾಟಲಿ ಹಿಡಿದು ಗಳಗಳ ಮಾಡುತ್ತಿದ್ದ. ಭಜನೆಯ ಮುದುಕನೊಬ್ಬನನ್ನು ವಯಸ್ಸಾಯಿತೆಂದು ಬಾಗಿಲಲ್ಲೇ ವಾಪಸು ಕಳಿಸಿದರು. ಅವನು ಹೋಗದೆ ನೆರಳಿಗೆ ಕೂತು, ಒಳಗೆ ಹೋಗುವವರಿಗೆಲ್ಲ ಚಲೋ ಆಗಲೆಂದು ಹರಸುತ್ತಿದ್ದ. ಎದೆಗೆ ನಂಬರಿನ ಚೀಟಿ ಅಂಟಿಸಿಕೊಂಡು ನಿಂತ ಭಾಗ್ಯಳ ಪಾಳಿ ಬಂದಾಗ ಹೊತ್ತು ಇಳಿದಿತ್ತು.

ಒಳಗೆ ಜಡ್ಜುಗಳಿರಲಿಲ್ಲ. ಒಂದು ಟೇಬಲ್ಲು, ಲ್ಯಾಪ್‌ಟಾಪು, ಇಬ್ಬರು ಹುಡುಗರು. ಪಲ್ಲವಿ ಮುಗಿಯುತ್ತಲೇ ಒಬ್ಬ ಕೈಯೆತ್ತಿದ.

"ಚೆನ್ನಾಗ್ ಹಾಡ್ತೀರ. ಅಪ್ಪ ಏನ್ ಮಾಡ್ತಾರೆ?"

"ಜೀಪ್ ಹೊಡಿತಾರ್ರಿ."

"ಸ್ವಂತದ್ದಾ?"

"ಹೂಂ ರೀ."

"ಕುಡಿತಾರಾ?"

"ಇಲ್ರಿ."

"ಅಮ್ಮ?"

"ಅದಾಳ್ರಿ. ಆರಾಮ ಅದಾಳ."

ಹುಡುಗರು ಮುಖ ಮುಖ ನೋಡಿಕೊಂಡರು. "ಸರಿ, ಹೇಳಿಕಳಿಸ್ತೀವಿ."

ಅವಳ ಹಿಂದೆ ಹೋದ ಹುಡುಗಿಗೆ ತಂದೆಯಿರಲಿಲ್ಲ. ಎರಡು ಸಲ ತಾಳ ತಪ್ಪಿದಳು ಎಂಬುದು ಹೊರಗೆ ನಿಂತವರಿಗೂ ಕೇಳಿತ್ತು. ಅವಳು ಮುಂದಿನ ಸುತ್ತಿನ ಹಳದಿ ಚೀಟಿ ಹಿಡಿದುಕೊಂಡು ಹೊರಬಂದಳು.

ಪಂಪಾಪತಿ ಗಾಡಿಯನ್ನು ಊರಿನ ಕಡೆ ತಿರುಗಿಸಿದ. ಮಸ್ಕಿಯ ದೀಪಗಳು ಕಂಡ ಮೇಲೆ ಅಂದ, "ನಾ ಕುಡುಕ ಆಗಿದ್ರ ಪಾಸಾಗ್ತಿದ್ದಿ ಬೇ." ಭಾಗ್ಯ ನಕ್ಕಳು. ಅವನೂ ನಕ್ಕ. ಮನೆಗೆ ಬಂದು ಉಣ್ಣದೆ ಮಲಗಿದ.

*

ಮಧ್ಯಾಹ್ನದ ಹೊತ್ತಿಗೆ ಜೀಪಿನವರೆಲ್ಲ ಬಂದರು. ರಸ್ತೆಯ ಪಕ್ಕ ಗಾಡಿಗಳು ಸಾಲಾಗಿ ನಿಂತವು. ಅಂಗಳದಲ್ಲಿ ಭಜನೆ ನಡೆದಿತ್ತು. ಕಟ್ಟೆಯ ಮೇಲೆ ಅಮರಮ್ಮನ ತಮ್ಮ ಸಿದ್ದರಾಮೇಶ ಮತ್ತು ಅಮ್ಜದ್ ಕೂತಿದ್ದರು. ಅಮ್ಜದನದೂ ಮಸ್ಕಿಯ ಸ್ಟ್ಯಾಂಡಿನಲ್ಲೇ ಗಾಡಿ. ನಿನ್ನೆ ಹೆಣವನ್ನು ಊರಿಗೆ ತಂದವನು ಅವನೇ.

"ಕುಡೀಲಿಲ್ಲ, ಬೀಡಿ ಸೇದಲಿಲ್ಲ. ಹೆಂಗ ಹಿಂಗಾತು ಅಂತೀನಿ," ಎಂದ ಸಿದ್ದರಾಮೇಶ.

ಅಮ್ಜದ್ "ಅವಗ ಮಾಲೂಮ್ ಇತ್ತು," ಅಂದ.

"ಏನ್ ಮಾಲೂಮ್?"

"ರಾಯಚೂರಿಗೆ ನಾನಽ ಕರ್ಕೊಂಡು ಹೋಗಿದ್ನಿ. ಎದಿಯಾಗ ನಳ ಕಟ್ಟ್ಯಾವ, ಜಲ್ದಿ ಆಪರೇಷನ್ ಮಾಡ್ಸು ಅಂದ್ರು ಡಾಕ್ಟರು. ಕೇಳಲಿಲ್ಲ ಅಂವ. ಮಗಳದು ಟೀವಿ ಆಡಿಷನ್ ಒಂದು ಮುಗೀಲಿ, ಆಮ್ಯಾಲ ಆರಾಮ ಹೋಗಿ ಮಲಕೋತೀನಿ ಅಂದ. ಮನ್ಯಾಗ ಹೇಳಬ್ಯಾಡ ಅಂತ ನನ್ನ ಕಡಿಂದ ಕಸಮ್ ತಗೊಂಡ. ಯಾರಿಗೂ ಹೇಳಿಲ್ಲ ಅಂವ, ಒಬ್ರಿಗೂ."

ಭಾಗ್ಯ ನೀರಿನ ಕೊಡ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ಹೇಳ್ಯಾನ, ಚಾಚಾ," ಎಂದಳು. ಅದು ಅವಳು ಆ ದಿನ ಆಡಿದ ಮೊದಲ ಮಾತು. "ಟೀವಿಯವರಿಗೆ ಹೇಳ್ಯಾನ."

*

ಸಿಂಧನೂರಿನ ಆಡಿಷನ್ನಿಗೆ ಪಂಪಾಪತಿ ಹಟ ಹಿಡಿದು ಮಗಳ ಜೊತೆ ಒಳಗೇ ಬಂದ. ಹೋದ ತಿಂಗಳ ಮಾತು. ಹುಡುಗರು ಬೇರೆಯವರು, ಪ್ರಶ್ನೆ ಅವೇ. ಮನೇಲಿ ಏನಾದ್ರೂ ಕಷ್ಟ ಇದ್ಯಾ ಎಂದಾಗ ಭಾಗ್ಯ ಇಲ್ಲವೆನ್ನಲು ಬಾಯಿ ತೆರೆದಳು. ಅಷ್ಟರಲ್ಲಿ ಅವನು ಕುರ್ಚಿಯಿಂದ ಎದ್ದು ನಿಂತ.

"ನಂಗ ಹಾರ್ಟಿನ ಬ್ಯಾನಿ ಐತ್ರಿ, ಸರ್. ಯಾವಾಗ ಹೋಗ್ತೀನೋ ಗೊತ್ತಿಲ್ಲ. ಮಗಳು ಟೀವ್ಯಾಗ ಹಾಡೂದು ನೋಡಿ ಕಣ್ಣು ಮುಚ್ಚಬೇಕಂತ ಆಸಿ ಐತ್ರಿ."

ಹುಡುಗ ಲ್ಯಾಪ್‌ಟಾಪಿನಿಂದ ತಲೆಯೆತ್ತಿದ. ಫೋನು ತೆಗೆದು ಅವನ ಮುಖಕ್ಕೆ ಹಿಡಿದ. "ಅಂಕಲ್, ಇದನ್ನೇ ಇನ್ನೊಂದ್ಸಲ ಹೇಳಿ. ಕೈ ಎದೆ ಮೇಲೆ ಇಟ್ಕೊಳ್ಳಿ. ನಿಧಾನಕ್ಕೆ."

ಪಂಪಾಪತಿ ಎದೆಯ ಮೇಲೆ ಕೈಯಿಟ್ಟುಕೊಂಡು ನಿಧಾನಕ್ಕೆ ಹೇಳಿದ. ಭಾಗ್ಯಳಿಗೆ ಹಳದಿ ಚೀಟಿ ಸಿಕ್ಕಿತು.

ಬಸ್‌ಸ್ಟ್ಯಾಂಡಿನ ಹತ್ತಿರ ಮಿರ್ಚಿಭಜಿಯ ಬಂಡಿಯ ಮುಂದೆ ನಿಂತಾಗಲೂ ಅವಳ ಮುಖ ಕೆಂಪಾಗೇ ಇತ್ತು.

"ಎಂಥಾ ಸುಳ್ಳು ಹೇಳಿದ್ಯಪ್ಪ. ನಂಗ ನಾಚಿಕಿ ಬಂತು."

"ಅವರಿಗೆ ಬೇಕಾಗಿತ್ತು, ಕೊಟ್ನಿ," ಎಂದ ಅವನು. ತನ್ನ ಪ್ಲೇಟನ್ನೂ ಅವಳ ಕಡೆ ಸರಿಸಿದ. "ಎಣ್ಣಿಂದು ಒಲ್ಲೆ, ನೀ ತಿನ್ನು."

ಅವಳು ಅದನ್ನೂ ತಿಂದಳು. ತಿನ್ನುತ್ತ, "ಹಾರ್ಟಿನವನ ಪಾರ್ಟು ಮಾತ್ರ ಚಲೋ ಮಾಡ್ತಿ ನೀ," ಅಂದಳು. ಪಂಪಾಪತಿ ಮತ್ತೊಮ್ಮೆ ಎದೆ ಹಿಡಿದು, ಕಣ್ಣು ಮೇಲೆ ಮಾಡಿ, ಬಂಡಿಯ ಮೇಲೆ ವಾಲಿದ. ಖಾರ ನೆತ್ತಿಗೇರುವ ಹಾಗೆ ಅವಳು ನಕ್ಕಳು.

*

ಹೊತ್ತು ವಾಲಿದಾಗ ಮಣ್ಣಿಗೆ ಒಯ್ದರು. ಹಿಂದೆ ಜೀಪುಗಳು ಹಾರ್ನು ಮಾಡದೆ, ನಡೆಯುವವರ ವೇಗದಲ್ಲೇ ಹೋದವು. ಹೊಲದ ಬದುವಿನವರೆಗೆ ಹೋದ ಹೆಂಗಸರು ಅಲ್ಲಿಂದ ತಿರುಗಿದರು. ಅಮರಮ್ಮನ ದನಿ ಪೂರ್ತಿ ಬಿದ್ದುಹೋಗಿತ್ತು. ತುಟಿ ಅಲ್ಲಾಡುತ್ತಿತ್ತು, ಗಾಳಿಯಷ್ಟೇ ಬರುತ್ತಿತ್ತು. ಭಾಗ್ಯ ಅವಳನ್ನು ಹಿಡಿದುಕೊಂಡು ನಡೆದಳು. ಈಗ ಅಳಬೇಕೆಂದು ಅವಳಿಗೇ ಅನಿಸುತ್ತಿತ್ತು. ಬೆಳಗಿನಿಂದ ಒತ್ತಿ ಹಿಡಿದದ್ದು ಎಲ್ಲೋ ಕೆಳಗೆ ಕೂತು, ಕರೆದರೂ ಮೇಲೆ ಬರಲೊಲ್ಲದು.

ಗಂಡಸರು ಸ್ನಾನ ಮಾಡಿ ಬಂದು ಕೂತಾಗ ಫೋನು ಬಂತು. ಸಿದ್ದರಾಮೇಶ ಸ್ಪೀಕರಿಗೆ ಹಾಕಿ ಭಾಗ್ಯಳ ಮುಂದೆ ಹಿಡಿದ. ಚಾನೆಲ್ಲಿನ ಹುಡುಗ.

"ಭಾಗ್ಯ ಅವ್ರಾ? ನಾಡಿದ್ದು ಬೆಳಿಗ್ಗೆ ಬೇಗ ಬಂದ್ಬಿಡಿ. ಅಪ್ಪನ್ನ ಮರೀದೆ ಕರ್ಕೊಂಡ್ ಬನ್ನಿ. ಅವ್ರು ಮಾತಾಡಿದ್ದು ನಮ್ ಸರ್‌ಗೆ ಇಷ್ಟ ಆಗಿದೆ."

"ಅಪ್ಪ ತೀರಿಕೊಂಡಾನ್ರಿ."

"ಯಾವಾಗ?"

"ನಿನ್ನಿ. ಈಗ ಮಣ್ಣು ಮಾಡಿ ಬಂದಾರ."

ಹುಡುಗ ಫೋನಿಗೆ ಕೈ ಅಡ್ಡ ಹಿಡಿದು ಯಾರೊಂದಿಗೋ ಮಾತಾಡುವುದು ಕೇಳಿಸಿತು. ಮತ್ತೆ ಬಂದಾಗ ಅವನ ದನಿ ಮೆತ್ತಗಾಗಿತ್ತು.

"ತುಂಬಾ ಬೇಜಾರಾಯ್ತಮ್ಮ. ಇವತ್ತಿನ ವಿಡಿಯೋ ಏನಾದ್ರೂ ಇದ್ಯಾ? ನೀವು ಅಳ್ತಾ ಇರೋದು?"

"ನಾ ಅತ್ತಿಲ್ರಿ."

"ಅತ್ತಿಲ್ವಾ?"

"ಗಂಟ್ಲ ಕೆಡ್ತೈತಂತ ಸುಮ್ಮನಿದ್ನಿ."

"ಹಾಡೋರು ನಮ್ಗೆ ತುಂಬಾ ಜನ ಸಿಗ್ತಾರಮ್ಮ," ಎಂದ ಹುಡುಗ. ಗದರಿಸುವ ದನಿಯಲ್ಲ, ತಿಳಿಹೇಳುವ ದನಿ. "ಯಾರು ಬರ್ಬೇಕು ಅಂತ ಇವತ್ತೇ ಫೈನಲ್ ಮಾಡ್ತಾರೆ. ಮನೇಲೇ ಒಂದು ನಿಮಿಷದ್ದು ಮಾಡಿ ಕಳ್ಸಿ. ಅಪ್ಪನ್ನ ನೆನೆಸ್ಕೊಂಡು ಅಳೋದು. ನ್ಯಾಚುರಲ್ಲಾಗಿರ್ಲಿ."

ಫೋನು ಕಟ್ಟಾಯಿತು. ಸಿದ್ದರಾಮೇಶ ನೆಲ ನೋಡಿದ. ಅಮ್ಜದ್ ಎದ್ದು ಹೊರಗೆ ಹೋದ.

"ಬಿಡ್ರವ್ವ, ಇದು ಬ್ಯಾಡ," ಎಂದಳು ಯಂಕಮ್ಮ.

ಅಮರಮ್ಮ ತಮ್ಮನ ಕೈಯಲ್ಲಿದ್ದ ಫೋನಿನ ಕಡೆ, ಆಮೇಲೆ ಮಗಳ ಕಡೆ ಬೆರಳು ಮಾಡಿದಳು. ಏನೋ ಅಂದಳು. ಯಾರಿಗೂ ಕೇಳಿಸಲಿಲ್ಲ. ಭಾಗ್ಯಳಿಗೆ ತಿಳಿಯಿತು.

ಪಡಸಾಲೆಯಲ್ಲಿ ಪಂಪಾಪತಿಯನ್ನು ಕೂಡಿಸಿದ್ದ ಜಾಗ ತೊಳೆದು ದೀಪ ಹಚ್ಚಿಟ್ಟಿದ್ದರು. ಭಾಗ್ಯ ಹೋಗಿ ಅದರ ಪಕ್ಕ ಗೋಡೆಗೆ ಒರಗಿ ಕೂತಳು. ಸಿದ್ದರಾಮೇಶ ಎದುರಿಗೆ ಕುಕ್ಕರಗಾಲಲ್ಲಿ ಕೂತು ಫೋನೆತ್ತಿದ.

"ಚಾಲೂ ಮಾಡೀನಿ."

ಭಾಗ್ಯ ಕಣ್ಣು ಮುಚ್ಚಿ "ಅಪ್ಪಾ" ಎಂದಳು. ದನಿ ಎಳೆಯಾಗಿ, ನೇರವಾಗಿ ಏರಿ, ನಿಲ್ಲಬೇಕಾದ ಸ್ವರದಲ್ಲಿ ಸರಿಯಾಗಿ ನಿಂತಿತು. ಒಂದಿಷ್ಟೂ ಒಡೆದಿರಲಿಲ್ಲ. ಅವಳೇ ತಲೆಯಾಡಿಸಿ ನಿಲ್ಲಿಸಿದಳು.

"ಇನ್ನೊಮ್ಮಿ ಮಾಡೂಣು, ಮಾವ."

"ಟ್ಯೂಬ್‌ಲೈಟು ನಿನ್ನ ಹಿಂದ ಆಗ್ಯಾದ. ಮುಖ ಕಪ್ಪ ಕಾಣಾಕತ್ತೈತಿ," ಎಂದ ಸಿದ್ದರಾಮೇಶ.

ಅಮರಮ್ಮ ಗೋಡೆ ಹಿಡಿದು ಎದ್ದಳು. ನೆಲದ ಮೇಲಿದ್ದ ದೀಪವನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಂದು ಮಗಳ ಮುಂದೆ ಮೊಣಕಾಲೂರಿದಳು. ಬಾಗಿಲಿನಿಂದ ಬಂದ ಗಾಳಿಗೆ ಬತ್ತಿ ಮಲಗಿ ಎದ್ದಿತು. ಅವಳು ಒಂದು ಕೈ ಅಡ್ಡ ಹಿಡಿದಳು. ಎಣ್ಣೆ ತುಳುಕಿ ಮುಂಗೈ ಮೇಲೆ ಇಳಿಯಿತು. ಅವಳು ಅಲುಗಾಡಲಿಲ್ಲ. ದೀಪವನ್ನು ಇನ್ನಷ್ಟು ಹತ್ತಿರ, ಭಾಗ್ಯಳ ಗದ್ದದವರೆಗೆ ತಂದಳು. ಫೋನಿನೊಳಗೆ ಮಗಳ ಎರಡೂ ಕಣ್ಣು ಈಗ ಸ್ಪಷ್ಟವಾಗಿ ಕಂಡವು, ಒಣಗಿದ್ದವು.