ಎರಡನೆಯ ಸಾಕ್ಷಿ

"ನಿನ್ನ ಅಪ್ಪ ಕಟ್ಟಿಸಿದ್ದಾ ಈ ಕಕ್ಕಸು? ಹೊರಗೆ ಬಾರಾ, ಬೇವರ್ಸಿ."

ಬಾಗಿಲ ಮೇಲೆ ಬೂಟುಗಾಲು ಎರಡು ಸಲ ಬಿತ್ತು. ಒಳಗಿದ್ದ ಚಾಮರಾಜ ಪ್ಯಾಂಟು ಮೇಲೆಳೆದುಕೊಂಡು ಚಿಲಕ ತೆಗೆದ. ಎದುರಿಗೆ ಸೂಪರ್‌ವೈಸರ್ ಸರ್ವೋತ್ತಮ ನಿಂತಿದ್ದ. ಅವನ ಹಿಂದೆ, ಲಿಫ್ಟಿಗೆ ಕಾಯುತ್ತಿದ್ದ ಹೆಂಗಸೊಬ್ಬಳು ಮಗುವಿನ ಮುಖವನ್ನು ತನ್ನ ಕಡೆಗೆ ತಿರುಗಿಸಿಕೊಂಡಳು.

"ಒಟ್ಟೆ ಕೆಟ್ಟಿತ್ತು ಕನ ಸಾ. ಆ ಸೈಟ್ ಗಂಟ ಓಗಕ್ಕಾಗ್ನಿಲ್ಲ."

"ಹೊಟ್ಟೆ ಕೆಟ್ರೆ ಚಡ್ಡಿಯಲ್ಲಿ ಮಾಡು. ನಿಮ್ಮವರಿಗೆ ಅದೆಂತ ಹೊಸತಾ?"

ಕೊಲ್ಲಿ ದೇಶದ ಅಲ್ ರೀಮ್ ಐಲ್ಯಾಂಡಿನ ಆ ಟವರಿಗೆ ನಲವತ್ತು ಮಹಡಿ. ಕಟ್ಟಿ ಮುಗಿದು ಒಂದು ವರ್ಷವಾಗಿರಲಿಲ್ಲ, ಅರ್ಧ ಮನೆಗಳಿಗೆ ಇನ್ನೂ ಬೀಗ. ಅದನ್ನು ಗುಡಿಸಿ ಒರೆಸಿ ಕಾಯುವ ನಲವತ್ತೊಂದು ಜನಕ್ಕೆ ಮಾತ್ರ ಒಂದು ಕಕ್ಕಸು ಇರಲಿಲ್ಲ. ಪಕ್ಕದಲ್ಲಿ ಏಳುತ್ತಿದ್ದ ಇನ್ನೊಂದು ಕಟ್ಟಡದ ಸೈಟಿಗೆ ಮರಳಿನಲ್ಲಿ ಹತ್ತು ನಿಮಿಷ ನಡೆದು ಹೋಗಬೇಕು. ಹೋಗಿ ಬರುವಷ್ಟರಲ್ಲಿ ಗೈರುಹಾಜರಿ ಬೀಳುತ್ತಿತ್ತು. ಪಂಪು ರೂಮಿನ ಮೂಲೆಯಲ್ಲಿ ಬಾಟಲಿಗಳು ಸಾಲಾಗಿ ನಿಂತಿರುತ್ತಿದ್ದವು.

ಅವತ್ತು ಸರ್ವೋತ್ತಮ ಚಾಮರಾಜನಿಂದ ನಿವಾಸಿಗಳ ಆ ಕಕ್ಕಸನ್ನು ಮೂರು ಸಲ ಫಿನಾಯಿಲ್ ಹಾಕಿ ತೊಳೆಸಿದ. ಮೂರನೆಯ ಸಲ ಬ್ರಷ್ಷು ಕಿತ್ತುಕೊಂಡು, ಬರಿಗೈಯಲ್ಲಿ ಉಜ್ಜು ಅಂದ. ಚಾಮರಾಜ ಉಜ್ಜಿದ. ನಂಜನಗೂಡಿನ ಆಚೆಯ ತನ್ನ ಕೇರಿಯಲ್ಲಿ ಅಜ್ಜ ಮಾಡುತ್ತಿದ್ದ ಕೆಲಸವನ್ನು ತಾನು ಮಾಡಬಾರದೆಂದೇ ಅವನು ವಿಮಾನ ಹತ್ತಿದ್ದು. ಉಡುಪಿ ಕಡೆಯ ಸರ್ವೋತ್ತಮ, ಚಾಮರಾಜ ಕೆಲಸಕ್ಕೆ ಬಂದ ಮೊದಲ ದಿನವೇ ಊರು ಕೇಳಿ, ಕೇರಿ ಕೇಳಿ, ಆಮೇಲೆ ತನ್ನ ನೀರಿನ ಬಾಟಲಿಯನ್ನು ಮೇಜಿನ ಆ ಕಡೆಗೆ ಸರಿಸಿಟ್ಟಿದ್ದ.

ಇದನ್ನೆಲ್ಲ ಮುಂಬಾಗಿಲ ಮೇಜಿನಿಂದ ನೋಡಿದವನು ಉಸ್ಮಾನ್. ನೈಜೀರಿಯಾದ ಗಾರ್ಡು, ಆರಡಿ ಆಳು. ಮಾರನೆಯ ದಿನ ಇಂಗ್ಲಿಷಿನಲ್ಲಿ ಒಂದು ಅರ್ಜಿ ಬರೆದು ತಂದ: ಪಾರ್ಕಿಂಗ್ ನೆಲಮಾಳಿಗೆಯಲ್ಲಿ ಬೀಗ ಹಾಕಿರುವ ಕಕ್ಕಸನ್ನು ಕೆಲಸದವರಿಗೆ ಬಿಟ್ಟುಕೊಡಬೇಕು. ಅಷ್ಟೇ. ಅದರ ಕೆಳಗೆ ನಲವತ್ತೊಂದು ಸಹಿ. ಚಾಮರಾಜನ ಸಹಿ ಕನ್ನಡದಲ್ಲಿತ್ತು.

ಅದು ಎರಡು ಸಾವಿರದ ಹನ್ನೊಂದನೇ ಇಸವಿ. ಈಜಿಪ್ಟಿನಲ್ಲಿ ಜನ ಬೀದಿಗಿಳಿದು ಅಧ್ಯಕ್ಷನನ್ನೇ ಇಳಿಸಿ ಎರಡು ತಿಂಗಳಾಗಿತ್ತಷ್ಟೇ. ನಲವತ್ತೊಂದು ಜನ ಒಂದೇ ಹಾಳೆಯ ಮೇಲೆ ಹೆಸರು ಬರೆದದ್ದು ನೋಡಿ ಸರ್ವೋತ್ತಮ ಬೈಯಲೂ ಇಲ್ಲ. ಹಾಳೆಯನ್ನು ಮಡಚಿ ಜೇಬಿಗಿಟ್ಟುಕೊಂಡು, ಇದನ್ನು ಬರೆದವನು ಯಾರು ಎಂದು ಮಾತ್ರ ಕೇಳಿದ. ಉಸ್ಮಾನ್ ತಾನೇ ಎಂದ.

ಉಸ್ಮಾನನ ಜೊತೆ ಅದೇ ಮೇಜಿಗೆ ಕೂರುತ್ತಿದ್ದ ಇನ್ನೊಬ್ಬ ಗಾರ್ಡು ಮೊರಿಸ್. ಇಬ್ಬರದೂ ಒಂದೇ ಊರು, ಕಡೂನಾ. ಊರಿನ ನಡುವೆ ಹೊಳೆ. ಉಸ್ಮಾನ್ ಈ ದಂಡೆಯವನು, ಐದು ಹೊತ್ತು ನಮಾಜು ತಪ್ಪಿಸದವನು. ಮೊರಿಸ್ ಆ ದಂಡೆಯ ಕ್ರಿಶ್ಚಿಯನ್. ಮಧ್ಯಾಹ್ನ ಗಾರ್ಡ್ ರೂಮಿನಲ್ಲಿ ಊಟಕ್ಕೆ ಕೂತಾಗ ಇಬ್ಬರೂ ತಮ್ಮ ಭಾಷೆಯಲ್ಲಿ ಜಗಳಾಡುತ್ತಿದ್ದರು, ನಡುನಡುವೆ ಕೆಲಸದವರ ವಸತಿ ಕ್ಯಾಂಪಿನ ಹರಕು ಹಿಂದಿಯಲ್ಲಿ ಚಾಮರಾಜನಿಗೆ ನ್ಯಾಯ ಒಪ್ಪಿಸುತ್ತಿದ್ದರು. ಅವರ ದೇಶದಲ್ಲಿ ಚುನಾವಣೆ ಹತ್ತಿರ ಬಂದಿತ್ತು.

ಮಿಲಿಟರಿಯವರು ಹೋಗಿ ಓಟು ಬಂದ ಹೊಸದರಲ್ಲಿ, ಓಟು ಕೇಳಲು ಬಂದವರು ಷರಿಯಾ ತರುತ್ತೇವೆ ಎಂದು ಮಾತು ಕೊಟ್ಟರಂತೆ. ಉಸ್ಮಾನನ ಅಪ್ಪ ಸಂತೋಷದಿಂದ ಓಟು ಹಾಕಿದ. ದೇವರ ಕಾನೂನು ಬಂದರೆ ದೊಡ್ಡವನೂ ತಾನೂ ಒಂದೇ ಚಾಪೆಯ ಮೇಲೆ ನಿಲ್ಲುತ್ತೇವೆ ಎಂದು ಆ ಕೂಲಿ ಮನುಷ್ಯ ನಂಬಿದ್ದ. ಕಾನೂನು ಬಂತು. ಪಕ್ಕದ ರಾಜ್ಯದಲ್ಲಿ ದನ ಕದ್ದವನೊಬ್ಬನ ಕೈ ಹೋಯಿತು. ಖಜಾನೆ ತಿಂದವರ ಕೈಗಳು ಕಾರಿನ ಕಿಟಕಿಯಿಂದ ಜನಕ್ಕೆ ಬೀಸುತ್ತಲೇ ಇದ್ದವು. ಕಾನೂನಿನ ಮೇಲೆ ಉಸ್ಮಾನನಿಗೆ ಸಿಟ್ಟಿರಲಿಲ್ಲ. ಆ ಕಾನೂನು ಇಬ್ಬರು ಸಾಕ್ಷಿಗಳನ್ನು ಕೇಳುತ್ತದೆ, ಬಡವನ ಮೇಲೆ ಸಾಕ್ಷಿ ಹೇಳಲು ಇಬ್ಬರು ಬಡವರು ಯಾವಾಗಲೂ ಸಿಗುತ್ತಾರೆ, ರಾಜ್ಯ ಆಳುವ ಗವರ್ನರ್ ಮೇಲೆ ಹೇಳಲು ಎಲ್ಲಿಂದ ತರುವುದು ಎಂದು ಕೇಳುತ್ತಿದ್ದ.

ಮೊರಿಸನ ತಕರಾರೇ ಬೇರೆ. ಆ ರಾಜ್ಯದಲ್ಲಿ ನಾವೂ ಇದ್ದೇವೆ, ನಾವೂ ಓಟು ಹಾಕುತ್ತೇವೆ, ನಮ್ಮನ್ನು ಕೇಳಿದವರು ಯಾರು ಎನ್ನುತ್ತಿದ್ದ. ಹನ್ನೊಂದು ವರ್ಷದ ಹಿಂದೆ ಆ ಕಾನೂನಿನ ಮಾತೆದ್ದಾಗ ಕಡೂನಾ ಹೊತ್ತಿ ಉರಿದಿತ್ತು. ಮೊರಿಸನ ಅಪ್ಪನ ಮರಗೆಲಸದ ಅಂಗಡಿ ಅದರಲ್ಲಿ ಹೋಯಿತು. ಒಂದು ದಿನ ಅನ್ನದ ಡಬ್ಬಿ ತೆರೆಯುತ್ತಾ ಅವನು, ಅವತ್ತು ನೀನೆಲ್ಲಿದ್ದೆ ಎಂದು ಉಸ್ಮಾನನನ್ನು ಕೇಳಿಯೇಬಿಟ್ಟ. ಮಾರ್ಕೆಟ್ಟಿನ ಹತ್ತಿರ, ಕೈಯಲ್ಲಿ ಕಲ್ಲಿತ್ತು, ನನಗೆ ಹದಿನಾರು ವರ್ಷ, ಎಂದ ಉಸ್ಮಾನ್. ಮೊರಿಸ್ ಅನ್ನ ಕಲಸಿದ. ಆಮೇಲೆ, ನನ್ನ ಕೈಯಲ್ಲೂ ಇತ್ತು ಎಂದ.

ನಿಮ್ಮ ದೇಶದಲ್ಲಿ ಓಟಿಗೆ ಬೆಲೆ ಉಂಟಂತಲ್ಲ ಎಂದು ಇಬ್ಬರೂ ಚಾಮರಾಜನನ್ನು ಕೇಳಿದರು. ಅವನು ತನ್ನವ್ವ ಕಾಂತಮ್ಮನ ಕತೆ ಹೇಳಿದ. ಮೀಸಲಾತಿಯಲ್ಲಿ ಗೆದ್ದು ಅವಳು ಪಂಚಾಯ್ತಿ ಅಧ್ಯಕ್ಷೆಯಾಗಿದ್ದಳು. ಮೀಟಿಂಗಿನ ದಿನ ಉಪಾಧ್ಯಕ್ಷರಾದ ಗೌಡರು ಅಧ್ಯಕ್ಷರ ಕುರ್ಚಿಯಲ್ಲಿ ಕೂರುತ್ತಿದ್ದರು. ಇವಳು ಬಾಗಿಲ ಬಳಿ ನೆಲದ ಮೇಲೆ ಕೂತು, ರಿಜಿಸ್ಟರು ತನ್ನ ಹತ್ತಿರ ಬಂದಾಗ ಹೆಬ್ಬೆಟ್ಟು ಒತ್ತುತ್ತಿದ್ದಳು. ಐದು ವರ್ಷ ಹಾಗೇ ನಡೆಯಿತು. ಉಸ್ಮಾನ್ ನಗಬಹುದೆಂದು ಚಾಮರಾಜ ಕಾದ. ಅವನು ನಗಲಿಲ್ಲ.

ಏಪ್ರಿಲಿನ ಮೂರನೆಯ ವಾರ ಫಲಿತಾಂಶ ಬಂತು. ಗೆದ್ದವನು ದಕ್ಷಿಣದ ಕ್ರಿಶ್ಚಿಯನ್, ಸೋತವನು ಉತ್ತರದ ಮುಸಲ್ಮಾನ. ಓಟು ಕದ್ದರು ಎಂದು ಉತ್ತರದ ಊರುಗಳು ಎದ್ದವು. ಮೊರಿಸನ ಅಕ್ಕ ರೆಜಿನಾ ಇದ್ದ ಬೀದಿಗೆ ಬೆಂಕಿ ಬಿತ್ತೆಂದು ಸುದ್ದಿ ಬಂತು, ಆಮೇಲೆ ಅವಳ ಫೋನು ಸತ್ತುಹೋಯಿತು. ಮೊರಿಸ್ ಎರಡು ದಿನ ಒಂದು ತುತ್ತು ಮುಟ್ಟಲಿಲ್ಲ. ಉಸ್ಮಾನ್ ತನ್ನ ತಮ್ಮನಿಗೆ ಫೋನು ಹಚ್ಚಿ, ಆ ಬೀದಿಗೆ ಹೋಗಿ ಹುಡುಕು ಎಂದು ಬೇಡಿಕೊಂಡ. ಕರ್ಫ್ಯೂ ಇದೆ, ಸೇತುವೆ ದಾಟಿದರೆ ನನ್ನನ್ನು ಕೊಲ್ಲುತ್ತಾರೆ ಎಂದು ತಮ್ಮ ಅತ್ತನಂತೆ.

ಮಂಗಳವಾರ ಮಧ್ಯಾಹ್ನ ಚಾಮರಾಜ ಗಾರ್ಡ್ ರೂಮಿನ ನೆಲ ಒರೆಸುತ್ತಿದ್ದ. ಮೊರಿಸ್ ಕುರ್ಚಿಯಲ್ಲಿ ಕುತ್ತಿಗೆ ಹಿಂದಕ್ಕೆ ಚೆಲ್ಲಿ ಕಣ್ಣು ಮುಚ್ಚಿದ್ದ. ಉಸ್ಮಾನ್ ಒಂದು ಕಿತ್ತಳೆ ತಂದ. ಡ್ರಾಯರಿನ ಸಣ್ಣ ಚಾಕುವಿನಲ್ಲಿ ಅದನ್ನು ಸೀಳಿದ. ಮೊರಿಸ್ ಬೇಡವೆಂದು ತಲೆ ಆಡಿಸಿದ. ಉಸ್ಮಾನ್ ಚಾಕು ಹಿಡಿದ ಕೈಯಲ್ಲೇ ಅವನ ಭುಜ ಒತ್ತಿ, ಇನ್ನೊಂದು ಕೈಯಿಂದ ತೊಳೆಯನ್ನು ಬಾಯಿಗಿಟ್ಟ. ಮೊರಿಸ್ ಅಗಿಯುತ್ತಾ ಅತ್ತ. ಚಾಮರಾಜ ಬಕೆಟ್ ಎತ್ತಿಕೊಂಡು ಸದ್ದಿಲ್ಲದೆ ಹೊರಗೆ ಬಂದ.

ಗುರುವಾರ ಬೆಳಿಗ್ಗೆ ಮೇಜಿನ ಹಿಂದೆ ಹೊಸ ಗಾರ್ಡು ಕೂತಿದ್ದ. ಮುಸಫ್ಫಾ ಕ್ಯಾಂಪಿನಲ್ಲಿ ಉಸ್ಮಾನನ ಮಂಚದ ಹಾಸಿಗೆ ಸುತ್ತಿಟ್ಟಿತ್ತು. ಗೋಡೆಯ ಮೊಳೆಯಿಂದ ಅವನ ಜಪಮಾಲೆಯೂ ಇಳಿದಿತ್ತು. ಅವನನ್ನು ಕ್ಯಾಂಪಿನ ಆಫೀಸು ರೂಮಿನಲ್ಲಿ ಬೀಗ ಹಾಕಿ ಕೂರಿಸಿದ್ದಾರೆ ಎಂದು ಅಡುಗೆಯವರು ಪಿಸುಗುಟ್ಟಿದರು. ಅವತ್ತಿನಿಂದ ಊಟದ ಹಾಲ್‌ನಲ್ಲಿ ಜನ ದೂರ ದೂರ ಕೂತರು.

ಮಾರನೆಯ ದಿನ ಸರ್ವೋತ್ತಮ ಚಾಮರಾಜನನ್ನು ತನ್ನ ರೂಮಿಗೆ ಕರೆಸಿ, ಕುರ್ಚಿ ತೋರಿಸಿ ಕೂರು ಎಂದ. ಇಷ್ಟು ದಿನದಲ್ಲಿ ಮೊದಲ ಸಲ. ಮೇಲಿಂದ ಚಹಾ. ತನ್ನದೇ ಗಾಜಿನ ಲೋಟದಲ್ಲಿ. ಚಾಮರಾಜನಿಗೆ ಒಳಗೊಳಗೇ ಹಿತವಾಯಿತು. ಹಿತವಾದದ್ದಕ್ಕೆ ನಾಚಿಕೆಯೂ ಆಯಿತು.

ಸರ್ವೋತ್ತಮ ಒಂದು ಚಿತ್ರ ಮುಂದಿಟ್ಟ. ಕ್ಯಾಮೆರಾದಿಂದ ತೆಗೆಸಿದ್ದು. ಕುರ್ಚಿಯಲ್ಲಿ ಕುತ್ತಿಗೆ ಚೆಲ್ಲಿದ ಮೊರಿಸ್, ಅವನ ಮೇಲೆ ಬಾಗಿದ ಉಸ್ಮಾನ್, ಭುಜದ ಬಳಿ ಚಾಕು. ಕಿತ್ತಳೆ ಹಿಡಿದ ಕೈ ಉಸ್ಮಾನನ ಬೆನ್ನಿನ ಮರೆಯಲ್ಲಿತ್ತು. ಮೂಲೆಯಲ್ಲಿ ಬಕೆಟ್ಟು, ಚಾಮರಾಜನ ಅರ್ಧ ಬೆನ್ನು.

"ಓಟಿನ ಸಿಟ್ಟಲ್ಲಿ ಕುತ್ತಿಗೆಗೆ ಚೂರಿ ಹಿಡಿದ ಅಂತ ನೀನೊಂದು ಸಹಿ ಹಾಕ್ಬೇಕು. ಅವರ ಊರಲ್ಲಿ ಕೈ ಕಡಿಯುವ ಕಾನೂನು ಉಂಟು ಮಾರಾಯ. ಅಂಥ ಕರಿ ಕಾಪ್ರಿ ನಾಳೆ ನಿನ್ನ ಕುತ್ತಿಗೆಗೂ ಹಿಡೀತಾನೆ. ನಾವು ನಾವು ಒಂದೇ ಅಲ್ವಾ, ಹಿಂದೂಗಳು?"

"ಅಂವ ಅಣ್ಣು ಬುಡುಸ್ತಿದ್ದ ಸಾ."

"ನಿನ್ನತ್ರ ನಾನು ಕೇಳಿದ್ನಾ ಅವ ಎಂತ ಬಿಡಿಸಿದ ಅಂತ?"

ಆಮೇಲೆ ದನಿ ಇಳಿಸಿ ಸರ್ವೋತ್ತಮ ವಿವರಿಸಿದ. ಪೊಲೀಸರ ತನಕ ಹೋಗುವುದಿಲ್ಲ. ವೀಸಾ ಕ್ಯಾನ್ಸಲ್ ಮಾಡಿ ಊರಿಗೆ ಕಳಿಸುತ್ತಾರೆ, ಅಷ್ಟೇ. ಇಬ್ಬರು ಸಾಕ್ಷಿಯಾದರೆ ಮುದೀರ್, ಅಂದರೆ ಎಲ್ಲರ ಮೇಲಿನ ಮ್ಯಾನೇಜರ್, ಅಂದೇ ಸೀಲು ಒತ್ತುತ್ತಾರೆ. ಒಂದು ಆಗಿದೆ, ಮೊರಿಸ್ ಸಹಿ ಹಾಕಿದ್ದಾನೆ. ಚಾಮರಾಜನೂ ಹಾಕಿದರೆ ಎಲೆಕ್ಟ್ರಾ ಸ್ಟ್ರೀಟಿನ ಹೆಡ್ಡಾಫೀಸಿನಲ್ಲಿ ಚಹಾ ಕೊಡುವ ಕೆಲಸ, ದಿನವಿಡೀ ಎಸಿ, ಕಕ್ಕಸು ತೊಳೆಯುವುದು ಇನ್ನಿಲ್ಲ. ಹಾಕದಿದ್ದರೆ ಏನೆಂದು ಅವನು ಹೇಳಲಿಲ್ಲ. ಚಿತ್ರದಲ್ಲಿದ್ದ ಅರ್ಧ ಬೆನ್ನಿನ ಮೇಲೆ ಬೆರಳಿಟ್ಟ.

ಮೊರಿಸ್ ಸಾಮಾನಿಳಿಸುವ ಕಟ್ಟೆಯ ಮೇಲೆ ಕೂತಿದ್ದ. ಚಾಮರಾಜ ಅವನ ಮುಂದೆ ಹೋಗಿ ನಿಂತ. ಅವನು ತಲೆ ಎತ್ತಲಿಲ್ಲ. ಐದು ದಿನವಾಯಿತು, ರೆಜಿನಾ ಫೋನೆತ್ತುತ್ತಿಲ್ಲ, ಇವರು ನಾಳಿದ್ದಿಗೆ ಟಿಕೆಟ್ ಕೊಟ್ಟಿದ್ದಾರೆ, ಸಹಿ ಹಾಕದೆ ಪಾಸ್‌ಪೋರ್ಟ್ ಕೊಡುವುದಿಲ್ಲ ಎಂದ. ಆಮೇಲೆ, ಉಸ್ಮಾನ್‌ಗೆ ಹೇಳಬೇಡ ಎಂದ.

ಶನಿವಾರ ಹನ್ನೊಂದು ಗಂಟೆಗೆ ಕಂಪನಿಯ ವ್ಯಾನು ಚಾಮರಾಜನನ್ನು ಎಲೆಕ್ಟ್ರಾ ಸ್ಟ್ರೀಟಿಗೆ ಕರೆದೊಯ್ದಿತು. ಮೊಬೈಲ್ ಅಂಗಡಿಗಳ ಮೇಲಿನ ಎರಡನೇ ಮಹಡಿಯಲ್ಲಿ ಹೆಡ್ಡಾಫೀಸು. ದೊಡ್ಡ ಮೇಜಿನ ಹಿಂದೆ ಮುದೀರ್. ಅವನು ಅರಬ್ಬಿಯವನು, ಇಂಗ್ಲಿಷ್ ಬಲ್ಲವನು. ಪಕ್ಕದಲ್ಲಿ ಸರ್ವೋತ್ತಮ ಕೈ ಕಟ್ಟಿ ನಿಂತಿದ್ದ. ಮುದೀರ್ ಒಂದು ಹಾಳೆ ತಳ್ಳಿದ. ಒಂದು ಬದಿ ಅರಬ್ಬಿ, ಇನ್ನೊಂದು ಬದಿ ಇಂಗ್ಲಿಷು. ಚಾಮರಾಜನಿಗೆ ಎರಡೂ ಓದಲು ಬಾರವು. ಕೆಳಗೆ ಮೊರಿಸನ ಸಹಿಯ ಪಕ್ಕದಲ್ಲಿ ನಾಲ್ಕು ಬೆರಳಗಲ ಖಾಲಿ ಜಾಗ.

ಅವನು ಪೆನ್ನು ತೆಗೆದುಕೊಂಡ. ಏಳನೇ ಕ್ಲಾಸಿನ ತನಕ ಕಲಿತ ದುಂಡನೆಯ ಅಕ್ಷರದಲ್ಲಿ, ಒತ್ತೊತ್ತಾಗಿ, ನಿಧಾನವಾಗಿ ಬರೆದ. 'ಚಾಕು ಇತ್ತು. ಉಸ್ಮಾನ್ ಅದರಲ್ಲಿ ಕಿತ್ತಳೆ ಬಿಡಿಸಿ ಮೊರಿಸ್‌ಗೆ ತಿನ್ನಿಸಿದ. ನಾನು ಅಲ್ಲೇ ಇದ್ದೆ. ಬೇರೆ ಥರ ಹೇಳು ಅಂದೋರು ಸರ್ವೋತ್ತಮ ಸಾರು. ಅರ್ಜಿ ಬರೆದಿದ್ದಕ್ಕೆ ಅವನನ್ನ ಕಳಿಸ್ತಾ ಇದ್ದಾರೆ.'

ಆ ಕೋಣೆಯಲ್ಲಿ ಅದನ್ನು ಓದಬಲ್ಲವನು ಇನ್ನೊಬ್ಬನೇ ಇದ್ದ. ಸರ್ವೋತ್ತಮನ ಕಣ್ಣು ಮೊದಲ ಸಾಲಿನಿಂದ ಕೊನೆಯ ಸಾಲಿಗೆ ಹೋಗಿ ಮತ್ತೆ ಮೇಲಕ್ಕೆ ಬಂತು. ಏನು ಬರೆದಿದ್ದಾನೆ ಎಂದು ಮುದೀರ್ ಕೇಳಿದ. ಹೆಸರು ಸಾರ್, ಅಪ್ಪನ ಹೆಸರು, ಊರು, ತಾಲೂಕು, ಇವರ ಕಡೆ ಉದ್ದ ಬರೆಯುತ್ತಾರೆ ಎಂದು ಸರ್ವೋತ್ತಮ ಇಂಗ್ಲಿಷಿನಲ್ಲಿ ಹೇಳಿದ. ನೇಮ್, ಫಾದರ್ ಎಂಬ ಮಾತುಗಳು ಚಾಮರಾಜನಿಗೆ ಅರ್ಥವಾದವು. ಮುದೀರ್ ಸೀಲಿನ ಮುಚ್ಚಳ ತೆಗೆದ.

ಈ ದೇಶಕ್ಕೆ ಬಂದ ಹೊಸದರಲ್ಲಿ ಚಾಮರಾಜ ಆರು ತಿಂಗಳು ಒಂದು ದಿನಸಿ ಅಂಗಡಿ ಗುಡಿಸಿದ್ದ. ಅಲ್ಲಿ ಕಲಿತ ಅರಬ್ಬಿ ಮಾತು ಬೆರಳೆಣಿಕೆಯಷ್ಟು. ಇದ್ದಷ್ಟನ್ನೂ ಒಟ್ಟುಮಾಡಿಕೊಂಡು ಹೇಳಿದ.

"ಉಸ್ಮಾನ್ ಸಿಕ್ಕೀನ್, ಬುರ್ತುಕಾಲ್. ಮೊರಿಸ್ ಆಕಲ್. ಮಾಫಿ ಮುಷ್ಕಿಲ್." ಚಾಕು, ಕಿತ್ತಳೆ, ಊಟ, ಜಗಳವಿಲ್ಲ. ಮಾತು ಸಾಲದೆಂದು ತನ್ನ ಭುಜ ಒತ್ತಿ, ಬಾಯಿಗೆ ತೊಳೆ ಇಡುವಂತೆ ಮಾಡಿ ತೋರಿಸಿದ. ಆಮೇಲೆ ಸರ್ವೋತ್ತಮನ ಕಡೆ ಬೆರಳು ಚಾಚಿ, "ಹಾದಾ ಕಜ್ಜಾಬ್" ಎಂದ. ಇವನು ಸುಳ್ಳುಗಾರ.

"ಬಾಯಿ ಮುಚ್ಚಾ ರಂಡೆಮಗನೇ," ಎಂದ ಸರ್ವೋತ್ತಮ ಕನ್ನಡದಲ್ಲಿ, ತುಟಿ ಅಲುಗದ ಹಾಗೆ.

"ಮುಚ್ಚಕಿಲ್ಲ ಕನ ಸಾ. ಬರ್ದಿರದ ಓದ್ಬುಟ್ಟು ಏಳಿ ಅವ್ರ್ಗೆ."

ಮುದೀರ್ ಸೀಲನ್ನು ಕೆಳಗಿಟ್ಟ. ಹಾಳೆಯನ್ನು ನೋಡಿದ, ಸರ್ವೋತ್ತಮನನ್ನು ನೋಡಿದ. ಹಾಳೆಯನ್ನು ಎರಡಾಗಿ ಹರಿದು ಕಸದ ಬುಟ್ಟಿಗೆ ಹಾಕಿ, ಕಂಪ್ಯೂಟರಿನಲ್ಲಿ ಏನೋ ಒತ್ತಿದ. ಮೂಲೆಯ ಪ್ರಿಂಟರ್ ಒಂದು ಹಾಳೆ ಉಗುಳಿತು, ಅದರ ಹಿಂದೆಯೇ ಇನ್ನೊಂದು. ಸರ್ವೋತ್ತಮ ಹೋಗಿ ಎತ್ತಿಕೊಂಡ. ಎರಡೂ ವೀಸಾ ಕ್ಯಾನ್ಸಲ್ ಮಾಡುವ ಹಾಳೆಗಳು, ಮೊದಲನೆಯದು ಉಸ್ಮಾನನ ಹೆಸರಿಗೆ. ಎರಡನೆಯ ಹಾಳೆಯಲ್ಲಿ ಹೆಸರಿನ ಜಾಗ ಖಾಲಿಯಿತ್ತು.

ಮುದೀರ್ ಎದ್ದು ಗೋಡೆಯ ಕಬ್ಬಿಣದ ಬೀರು ತೆರೆದ. ಒಳಗೆ ದೇಶ ದೇಶದ ಪಾಸ್‌ಪೋರ್ಟುಗಳು, ಕಟ್ಟು ಕಟ್ಟಾಗಿ, ರಬ್ಬರ್ ಬ್ಯಾಂಡ್ ಹಾಕಿ. ಇಂಡಿಯಾದ ಕಟ್ಟನ್ನು ಎಳೆದು ಮೇಜಿನ ಮೇಲಿಟ್ಟು ರಬ್ಬರ್ ಬಿಚ್ಚಿದ. ಒಂದೊಂದನ್ನೇ ತೆರೆದು, ಒಳಗಿನ ಮುಖ ನೋಡಿ, ಎದುರು ನಿಂತವನ ಮುಖ ನೋಡಿ, ಬದಿಗಿಡತೊಡಗಿದ. ಅವನಿಗೆ ಅವಸರವಿರಲಿಲ್ಲ. ಚಾಮರಾಜ ತಲೆ ತಗ್ಗಿಸದೆ ನಿಂತಿದ್ದ. ಕಟ್ಟು ಅರ್ಧ ಮುಗಿದಿತ್ತು.