ಮಕ್ಬೂಲ್ ಸಾಹೇಬರ ಮೂರನೇ ಸಾಲು

ಬಲಜೇಬಿಗೆ ಬಣ್ಣದ ಡಬ್ಬಿ ಇಳಿಸಿದರೆ ಮಕ್ಬೂಲ್ ಸಾಹೇಬರು ಎಡಜೇಬಿಗೆ ಅಷ್ಟೇ ತೂಕದ ಕಲ್ಲೊಂದನ್ನು ಹಾಕಿಕೊಳ್ಳುತ್ತಾರೆ. ಮಾಸಿದ ಕಂದು ಕೋಟಿನ ಎರಡು ಅಂಚೂ ಸಮನಾಗಿ ತೂಗುವಂತೆ ಹ್ಯಾಂಡ್‌ಪೋಸ್ಟ್ ಸರ್ಕಲ್ಲಿನ ಬಸ್ಸುಗಳ ನಡುವೆ ನಡೆದು ಬರುವ ಅವರನ್ನು ಕಂಡು ನಕ್ಕವರಿಗೆ, "ಮೈ ವಾಲಿದ್ರೆ ಅಕ್ಸರಾನೂ ವಾಲ್ತದೆ ಕಣ್ರೀ" ಎನ್ನುತ್ತಾರೆ.

ಗೋಡೆಬರಹ ಅವರ ಕಸುಬು. ಫ್ಲೆಕ್ಸ್ ಬಂದು ಅವರು ಬರೆದ ಬೋರ್ಡುಗಳೆಲ್ಲ ಇಳಿದ ಮೇಲೆ, ಮೂಲೆಯಲ್ಲಿ ಅವರ ಹೆಸರು ಹೊತ್ತು ಉಳಿದದ್ದು ಹಂಪಾಪುರದಾಚೆಯ ಶಾಲೆಯ ಗೋಡೆಯೊಂದೇ. ಇಪ್ಪತ್ತೆರಡು ವರ್ಷದ ಹಿಂದೆ ಶಾಲೆಯವರು ಕೊಟ್ಟ ಚೀಟಿ ನೋಡಿ ಅಲ್ಲಿ ಮೂರು ಇಂಗ್ಲಿಷ್ ಸಾಲು ಬರೆದಿದ್ದರು: 'ಸ್ಪೀಕ್ ಸಾಫ್ಟ್‌ಲಿ, ಥಿಂಕ್ ಡೀಪ್ಲಿ, ರೀಡ್ ಡೈಲಿ.' ಮೂರನೆಯದು ಗಿಡ್ಡವಾಗಿ ಕಂಡಿತು. ಅರ್ಥ ಅರಿಯದ ಸಾಹೇಬರು, ಬೇರೆಲ್ಲೋ ಕಂಡಿದ್ದ 'ಐಎನ್‌ಜಿ' ಎಂಬ ಮೂರಕ್ಷರ ಸೇರಿಸಿ, 'ರೀಡಿಂಗ್' ಮಾಡಿ, ಉದ್ದ ಸರಿದೂಗಿಸಿದರು.

ಹೋದ ವರ್ಷ ಹೊಸದಾಗಿ ಬಂದ ಇಂಗ್ಲಿಷ್ ಮೇಡಂ ಅನುಶ್ರೀಗೆ ಎಲ್ಲ ಮಕ್ಕಳ ಉತ್ತರಪತ್ರಿಕೆಯಲ್ಲೂ ಒಂದೇ ತಪ್ಪು ಸಿಕ್ಕಿತು: 'ಈಟ್ ವೆಲ್, ಸ್ಲೀಪ್ ವೆಲ್, ಪ್ಲೇಯಿಂಗ್ ವೆಲ್.' ಗದರಿದರೆ ಹುಡುಗಿಯೊಬ್ಬಳು ಗೋಡೆ ತೋರಿಸಿದಳು.

ಸುದ್ದಿ ತಿಳಿದು ಬಂದ ಸಾಹೇಬರಿಗೆ ಆಕೆ ಕನ್ನಡದಲ್ಲೇ ಬಿಡಿಸಿ ಹೇಳಿದಳು. "ಮೆಲ್ಲಗೆ ಮಾತಾಡು, ಆಳವಾಗಿ ಯೋಚಿಸು, ದಿನಾ ಓದುತ್ತಾ... ಹಿಂಗಾಗಿದೆ ಸಾಹೇಬ್ರೆ. ಮೂರೂ ಒಂದೇ ಥರ ಮುಗೀಬೇಕು."

ಸಾಹೇಬರು ಗೋಡೆಯ ಹತ್ತಿರ ಹೋಗಿ ಮೂರನೇ ಸಾಲಿನ ಮೇಲೆ ಬೆರಳಿಟ್ಟರು. "ಓದುತ್ತಾ... ಆಮೇಲೇನು ಅಂತ ಇಪ್ಪತ್ತೆರಡು ವರ್ಸದಿಂದ ಮಕ್ಳು ಕಾಯ್ತಾ ಅವೆ."

ಹೆಡ್‌ಮಾಸ್ಟರು ಪುಟ್ಟಮಲ್ಲಪ್ಪನವರು ಸಾಹೇಬರ ಮರ್ಯಾದೆ ಉಳಿಸಲು ನೋಡಿದರು. "ಸುಣ್ಣ ಬಳಿಸಿಬುಡಾನ. ಯಾರ್ದು ತಪ್ಪು ಅಂತ ಯಾರಿಗೂ ಗೊತ್ತಾಗಾಕಿಲ್ಲ."

"ಹೆಸರೂ ಹೋಯ್ತದಲ್ಲ ಸಾರ್. ತಪ್ಪಿರೋ ಕಡೆ ಹೆಸರಿರ್ಬೇಕು."

ಮರುದಿನ ಪ್ರಾರ್ಥನೆ ಮುಗಿದು ಮಕ್ಕಳಿನ್ನೂ ಸಾಲಿನಲ್ಲಿ ನಿಂತಿರುವಾಗಲೇ, ತುಟಿಯಲ್ಲೇ ಬಿಸ್ಮಿಲ್ಲಾ ಎಂದುಕೊಂಡು, ಗೋಡೆಯ ಬಣ್ಣವನ್ನೇ ಕುಂಚಕ್ಕೆ ಹಚ್ಚಿ, ಆ ಮೂರಕ್ಷರ ಅಳಿಸಿದರು. ನಡುವೆ ಬೋಳು ಜಾಗ ಉಳಿಯಿತು.

"ಒಂದು ಹೂ ಬರೀರಿ, ತುಂಬುತ್ತೆ" ಎಂದಳು ಅನುಶ್ರೀ.

"ಬ್ಯಾಡ ಬುಡಮ್ಮ. ಇದನ್ನ ನೋಡಿ ಕಲ್ತೋರು ಈ ದಾರೀಲೇ ಓಡಾಡ್ತಾರೆ. ಏನ್ ಹೋಯ್ತು ಅಂತ ಅವರಿಗೂ ಕಾಣ್ಲಿ."

ತೂಕ ಹಿಡಿದು ಬದುಕುವವರು ನಮ್ಮಲ್ಲಿ ಬೇಕಾದಷ್ಟು ಮಂದಿ. ತೂಕ ತಪ್ಪಿಸಿದ್ದು ತನ್ನ ಕೈಯೇ ಎಂದು ತಿಳಿದಾಗ, ಆ ಬೋಳು ಜಾಗವನ್ನು ಬಿಸಿಲಿಗೆ ಬಿಟ್ಟು, ಅದರ ಕೆಳಗೆ ತನ್ನ ಹೆಸರನ್ನೂ ಹಾಗೆಯೇ ಉಳಿಸಿ ಹೋಗುವಂಥವರನ್ನು ದೇವರು ಅಪರೂಪಕ್ಕೆ ಕಳಿಸುತ್ತಾನೆ.