ಬೀಗರ ಎಲೆಗೆ ಮೊದಲ ಸೌಟು

ಶಾಂತಿಗ್ರಾಮದ ತನ್ನ ಶೆಡ್ಡಿನ ಮುಂದೆ ಭಾನುಪ್ರಿಯಾ ಕೊಪ್ಪರಿಗೆಯೊಳಕ್ಕೆ ಅರ್ಧ ಮೈ ತೂರಿಸಿಕೊಂಡು ತಳ ಉಜ್ಜುತ್ತಿದ್ದಾಗ ಫೋನು ಬಂತು. ಟೆಂಪೋದಲ್ಲಿ ಅವಳ ಪಾತ್ರೆ ಪಡಗ ಸಾಗಿಸುವ ಗಂಡ ಕುಮಾರ್ ಸ್ಪೀಕರಿಗೆ ಹಾಕಿ ಹಿಡಿದ.

"ಅಕ್ಕಾ, ಹಾಸನದಿಂದ, ಈವೆಂಟ್ಸಿನೋರು. ಭಾನುವಾರ ಒಂದು ಬೀಗರೂಟ ಒಪ್ಕಂಡ್ಬುಟ್ಟಿದ್ದೀವಿ. ಪೆಂಡಾಲು, ಲೈಟು, ಹೂವು ಎಲ್ಲಾ ನಮ್ದೇ. ಬಾಡು ಬೇಯಿಸಕ್ಕೆ ಮಾತ್ರ ಜನ ಇಲ್ಲ. ನೀವೇ ಬಂದು ಮಾಡ್ಕೊಡಿ. ನಮ್ ಟೀ-ಶರ್ಟು ಹಾಕ್ಕಬೇಕು, ನಿಮ್ ಹೆಸ್ರು ಎಲ್ಲೂ ಹೇಳಂಗಿಲ್ಲ, ಅಷ್ಟೇಯ."

"ಯಾವೂರು?"

"ಬೂವನಹಳ್ಳಿ. ಕೆಂಪಣ್ಣ ಅಂತ. ಮಗ ಪಂಚಾಯ್ತಿ ಸೆಕ್ರೆಟ್ರಿಯಂತೆ. ಬೀಗ್ರು ದೊಡ್ಡೋರು, ಸೌದೆ ಒಲೆ ಊದೋ ಹಳ್ಳಿ ಎಂಗಸ್ರನ್ನ ಕರ್ಕಬರ್ಬೇಡಿ ಅಂತ ಕೆಂಪಣ್ಣನೇ ಅಂದವ್ರೆ. ಅದ್ಕೇ ಟೀ-ಶರ್ಟು."

ಕುಮಾರ್ ಫೋನನ್ನು ಕೊಪ್ಪರಿಗೆಯ ಬಾಯಿಗೆ ಇನ್ನಷ್ಟು ಹತ್ತಿರ ಹಿಡಿದ. ಕೆಂಪಣ್ಣ ಅವನ ಮಾವ, ಭಾನುವಿನ ಅಪ್ಪ. ಆ ಸೆಕ್ರೆಟರಿ ಕೀರ್ತಿರಾಜ್, ಭಾನುವಿನ ಒಡಹುಟ್ಟಿದ ತಮ್ಮ.

"ಬತ್ತೀನಿ," ಅಂದಳು ಭಾನು. ಕೊಪ್ಪರಿಗೆಯೊಳಗಿಂದ ಆ ದನಿ ಗುಂಯ್ಯೆಂದು ಸುತ್ತಿಕೊಂಡು ಹೊರಬಂತು.

ಹೋದ ವಾರ ಅಪ್ಪ ತಾನೇ ಬಂದು ರೇಷ್ಮೆ ಸೀರೆ ಕೊಟ್ಟಿದ್ದ. "ಅವತ್ತೊಂದಿನ ಒಲೆ ಮುಟ್ಬೇಡ ಕಣವ್ವ. ಊರೋರ್ಗೆಲ್ಲಾ ಬೇಯಿಸಿ ಹಾಕ್ತೀಯ, ತಮ್ಮನ ಬೀಗರೂಟದಲ್ಲಿ ಕೂತ್ಕಂಡು ಉಣ್ಣು," ಅಂದಿದ್ದ. ಅಕ್ಕರೆ ಅಂದುಕೊಂಡು ಕಣ್ಣು ಒದ್ದೆ ಮಾಡಿಕೊಂಡಿದ್ದು ನೆನಪಾಗಿ ಈಗ ಮೈಯೆಲ್ಲ ಉರಿಯಿತು. ಒದ್ದೆ ಕೈಯಲ್ಲೇ ಅವ್ವನಿಗೆ ಫೋನು ಹಚ್ಚಿದಳು.

"ದಿಟ ಹೇಳವ್ವ, ನಾನು ಏನ್ ಕೆಲಸ ಮಾಡ್ತೀನಿ ಅಂತ ಹೇಳವ್ರೆ ಬೀಗರಿಗೆ?"

ದೊಡ್ಡತಾಯಮ್ಮ ತಡವರಿಸಿದಳು. "ಹಾಸನದಲ್ಲಿ ಹೋಟ್ಲು ಮಡಗವ್ಳೆ, ಕ್ಯಾಶಲ್ಲಿ ಕೂತಿರ್ತಾಳೆ ಅಂತ ಅಂದವ್ರೆ ನಿಮ್ಮಪ್ಪ. ನಿನ್ ಒಳ್ಳೇದಕ್ಕೇಯ ಕಣವ್ವ."

"ನನ್ ಒಳ್ಳೇದು ನಿಮ್ಗೇನ್ ಗೊತ್ತು!"

ಗೊತ್ತಿದ್ದರೆ ತಾನೆ? ಅಡುಗೆ ಗುಂಡಯ್ಯನ ಹಿಂದೆ ಈರುಳ್ಳಿ ಹೆಚ್ಚುವ ಕೂಲಿಯಾಗಿ ಹೋದವಳು ಅವಳು. ಆತ ಒಂದು ದಿನ ಸೌಟು ಕೈಗಿಟ್ಟು, "ಇನ್ಮ್ಯಾಕೆ ನೀನೇ ಉಪ್ಪು ನೋಡವ್ವ," ಅಂದಾಗ ದೊಡ್ಡ ನೌಕರಿ ಸಿಕ್ಕಷ್ಟು ಹಿಗ್ಗಿದ್ದಳು. ಅದಕ್ಕಿಂತ ಮಿಗಿಲಾದದ್ದು ಇನ್ನೊಂದಿತ್ತು. ಗಲಗಲ ಅನ್ನುತ್ತಿದ್ದ ಪಂಕ್ತಿ ಮೊದಲ ತುತ್ತಿಗೆ ಮಾತು ಮರೆಯುತ್ತದಲ್ಲ, ಆ ಗಳಿಗೆ. ಅದನ್ನು ಮರೆಯಲ್ಲಿ ನಿಂತು ಕೇಳುವುದಕ್ಕೆಂದೇ ಅವಳು ಅಷ್ಟು ಹೊಗೆ ಕುಡಿಯುತ್ತಿದ್ದಳು. ತಮ್ಮನಿಗೆ ಕೆಲಸವಾದಾಗ ಊರ ಬಾಗಿಲಿಗೆ ಫ್ಲೆಕ್ಸು ಕಟ್ಟಿಸಿದ ಅಪ್ಪ ಅವಳ ಒಲೆ ಹತ್ತಿರ ಒಂದು ದಿನವೂ ಬಂದು ನಿಂತವನಲ್ಲ.

ಭಾನುವಾರ ಬೆಳಗ್ಗೆ ತವರಿನ ಹಿತ್ತಲಲ್ಲಿ ಕಂಪನಿಯ ಟೀ-ಶರ್ಟು ಪಾತ್ರೆ ಇಳಿಸುವ ಮಸಿಬಟ್ಟೆಯಾಯಿತು. ಹಿತ್ತಲಿಗೆ ಬಂದ ಕೆಂಪಣ್ಣ ಅವಳನ್ನು ಕಂಡು ಅಲ್ಲೇ ಬೇರು ಬಿಟ್ಟ.

"ಲೇ, ಇದೇನೇ ಅವತಾರ? ನಾನ್ ಕೊಟ್ಟ ರೇಷ್ಮೆ ಸೀರೆ ಎಲ್ಲೇ? ಕಂಪನಿಯೋರು ಎಲ್ಲೋದ್ರು?"

"ನಾನೇ ಕಣಪ್ಪ ನಿನ್ ಕಂಪನಿ. ಮಸಾಲೆ ಕುದೀತಾ ಐತೆ, ಅಡ್ಡ ನಿಂತ್ಕಬೇಡ."

"ಬೀಗ್ರು ನೋಡುದ್ರೆ ಮರ್ವಾದೆ ಏನಾದದು? ನಿನ್ ತಮ್ಮನ ಮುಖ ನೋಡಾದ್ರೂ..."

"ಅವನ ಮುಖ ಊರ್ ಬಾಗ್ಲಲ್ಲಿ ಇನ್ನೂ ನೇತಾಡ್ತಾ ಐತಲ್ಲ, ಓಗ್ತಾ ನೋಡ್ಕತೀನಿ."

ಆ ಮನೆತನದಲ್ಲಿ ಒಂದು ಪದ್ಧತಿ. ಬೀಗರ ಎಲೆಗೆ ಮೊದಲ ಸೌಟು ಮನೆಯ ಹೆಣ್ಣುಮಗಳೇ ಬಡಿಸಬೇಕು. ಅಲ್ಲಿಯ ತನಕ ಯಾರೂ ಮುದ್ದೆ ಮುರಿಯುವಂತಿಲ್ಲ. ಹೊಗೆ ಹಿಡಿದ ಸೀರೆಯಲ್ಲಿ, ತಲೆಗೆ ಟವೆಲು ಸುತ್ತಿಕೊಂಡೇ, ಭಾನು ಸಾರಿನ ಬಕೆಟ್ಟು ಹಿಡಿದು ಪೆಂಡಾಲಿಗೆ ಬಂದಳು. ಹಳೇಕೋಟೆಯ ಬೀಗರಾದ ದೇವಯ್ಯ ಮೇಷ್ಟ್ರ ಪಕ್ಕದಲ್ಲೇ ಕೆಂಪಣ್ಣನೂ ಎಲೆ ಮುಂದೆ ಕೂತಿದ್ದ.

ಮೇಷ್ಟ್ರು ಮೂಗರಳಿಸಿದರು. "ಏನ್ ಘಮ ರೀ ಬೀಗರೇ! ಅಡಿಗೆ ಯಾರ್ದು?"

"ಹಾಸನದ ಕಂಪನಿಯೋರ್ದು," ಅಂದ ಕೆಂಪಣ್ಣ, ಎಲೆ ನೋಡುತ್ತ. "ಮಗಳು ಸುಮ್ಕೆ ಬಡ್ಸಕ್ಕೆ ಬಂದವ್ಳೆ."

ಎಲೆಯ ಮೇಲೆ ಬಂದಿದ್ದ ಸೌಟು ಹಿಂದಕ್ಕೆ ಹೋಗಿ ಬಕೆಟ್ಟಿಗೆ ಬಿತ್ತು.

"ಅಪ್ಪಾ, ಯಾರ್ದು ಅಂತ ಸರ್ಯಾಗಿ ಹೇಳು."

"ಬಡ್ಸೇ ಮೊದ್ಲು."

"ನೀನ್ ಹೇಳೋಗಂಟ ಬಡ್ಸಕಿಲ್ಲ."

"ಅಕ್ಕ, ಆಮೇಲೆ ಮಾತಾಡನ," ಎಂದು ಕೀರ್ತಿರಾಜ್ ಹಲ್ಲು ಕಚ್ಚಿ ಪಿಸುಗುಟ್ಟಿದ. ಅವಳು ತಿರುಗಿಯೂ ನೋಡಲಿಲ್ಲ. ಮುದ್ದೆಗಳ ಮೇಲಿನ ಹಬೆ ತೆಳುವಾಗುತ್ತ ಬಂತು.

"ಮುದ್ದೆ ಆರೋಯ್ತದೆ, ಅದೇನ್ ಹೇಳ್ಬುಡಣ್ಣೋ ಕೆಂಪಣ್ಣ!" ಹಿಂದಿನ ಸಾಲಿನಿಂದ ಯಾರೋ ಕೂಗಿದರು. ಅರ್ಧ ಪಂಕ್ತಿ ನಕ್ಕಿತು.

ಕೆಂಪಣ್ಣನ ಕಿವಿ ಕೆಂಪಾದವು. "ನನ್ ಮಗಳ್ದು," ಅಂದ. ಅವಳು ಕದಲಲಿಲ್ಲ. "ಬಾಡು ಬೇಯ್ಸೋದೇ ಅವಳ ಕಸುಬು. ಹೋಟ್ಲು ಗೀಟ್ಲು ಏನಿಲ್ಲ. ಆಯ್ತೇನೇ?"

"ಇಷ್ಟ್ ಹೇಳಕ್ಕೆ ಇಷ್ಟೊತ್ತು ಬೇಕಾಯ್ತೇನ್ರೀ?" ಅಂದರು ಮೇಷ್ಟ್ರು. "ಬಡ್ಸು ತಾಯಿ, ಹಸಿವು."

ಭಾನು ಬಡಿಸಿದಳು. ಬೀಗರಿಗೆ, ಆಮೇಲೆ ಅಪ್ಪನಿಗೆ. ತುತ್ತು ಬಾಯಿಗೆ ಹೋಯಿತು, ಪೆಂಡಾಲು ಮಾತು ಮರೆಯಿತು. ಆದರೂ ಅವಳ ಸಿಟ್ಟು ಇಳಿಯಲಿಲ್ಲ; ಹಿಂಡಿ ಹಿಂಡಿ ತೆಗೆಸಿದ ಮಾತು ಅದು, ತಾನಾಗಿ ಬಂದದ್ದಲ್ಲ.

ಕೆಂಪಣ್ಣ ಬೆರಳು ನೆಕ್ಕಿಕೊಂಡು ಮೆಲ್ಲಗೆ ತಲೆ ಎತ್ತಿದ. "ಇನ್ನೊಂದ್ ಸೌಟು ಬುಡವ್ವ."

"ಕಂಪನಿಯೋರ್ನ ಕೇಳ್ಕೊ," ಅಂದು ಭಾನು ಮುಂದಿನ ಎಲೆಗೆ ಹೋದಳು.